ಜಾಣ ಕಿವುಡು ಎನ್ನುವ ಮೊದಲು

"ಅತ್ತೆಯವರದು ಜಾಣ ಕಿವುಡು, ಮೇಡಂ. ಬೇಕಾದದ್ದೆಲ್ಲ ಕೇಳಿಸುತ್ತದೆ, ಬೇಡದ್ದು ಮಾತ್ರ ಕೇಳಿಸುವುದಿಲ್ಲ."

ಸೊಸೆ ಇಷ್ಟು ಹೇಳಿ ಕುರ್ಚಿ ಎಳೆದುಕೊಂಡು ಕುಳಿತರು. ಪಕ್ಕದಲ್ಲಿದ್ದ ಅತ್ತೆ ನಗುತ್ತಾ ಒಮ್ಮೆ ಸೊಸೆಯ ಮುಖ, ಒಮ್ಮೆ ನನ್ನ ಮುಖ ನೋಡಿದರು. ಮಾತು ತಮ್ಮ ಬಗ್ಗೆ ಎಂದು ಅವರಿಗೆ ಗೊತ್ತು. ಏನು ಮಾತು ಎಂದು ಗೊತ್ತಿಲ್ಲ. ಮೈಸೂರಿನಲ್ಲಿ ಶ್ರವಣ ತಜ್ಞೆಯಾಗಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಹಿರಿಯರ ಆ ನಗುವನ್ನು ಸಾವಿರ ಸಲ ನೋಡಿದ್ದರೂ ಇವತ್ತಿಗೂ ಅದು ನನ್ನನ್ನು ಕಲಕುತ್ತದೆ.

ನಮ್ಮ ಮನೆಗಳಲ್ಲಿ ತಲೆಮಾರುಗಳ ಅಂತರ ಎಂದೋ, ಹಟ ಎಂದೋ, ಹೊಂದಾಣಿಕೆ ಇಲ್ಲವೆಂದೋ ಹೆಸರು ಪಡೆದಿರುವ ಎಷ್ಟೋ ಮನಸ್ತಾಪಗಳ ಬುಡದಲ್ಲಿ ನನಗೆ ಕಂಡಿರುವುದು ಕಿವಿಯೊಳಗಿನ ಒಂದು ಸಣ್ಣ ಸವೆತ. ಅದು ಏನು ಎಂಬುದನ್ನು ಕಿರಿಯರಿಗೆ ಬಿಡಿಸಿ ಹೇಳಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ಪ್ರಕರಣ ಹೇಳುತ್ತೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಂಜನಗೂಡು ಕಡೆಯ ರೈತರು, ಎಪ್ಪತ್ತು ದಾಟಿದವರು. ಎರಡು ತಿಂಗಳಿಂದ ಕಿರಿಯ ಮಗನ ಜೊತೆ ಮಾತು ಬಿಟ್ಟಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಪರೀಕ್ಷಾ ಕೋಣೆಯಲ್ಲಿ ನಾನು ಬಾಯಿಗೆ ಕಾಗದ ಅಡ್ಡ ಹಿಡಿದು ಪದಗಳನ್ನು ಹೇಳುತ್ತಾ ಹೋದೆ, ಅವರು ಕೇಳಿಸಿದ್ದನ್ನು ಮರಳಿ ಹೇಳಬೇಕು. "ಕಾಲು" ಎಂದೆ. "ಹಾಲು" ಎಂದರು. "ಸಾಲು" ಎಂದೆ. "ಕಾಲು" ಎಂದರು. "ಹಾಲು" ಎಂದಾಗ ಸ್ವಲ್ಪ ತಡೆದು "ಪಾಲು" ಎಂದರು. ಗಾಜಿನ ಆಚೆ ನಿಂತಿದ್ದ ಮಗ ಬಾಗಿಲು ತೆರೆದು ಒಳಗೆ ಬಂದ. "ಅಪ್ಪಾ, ಆವತ್ತು ಫೋನಿನಲ್ಲಿ ನಾನು ಡೇರಿಯವರಿಗೆ ಹೇಳಿದ್ದು ಹಾಲಿನ ಲೆಕ್ಕ, ಹಾಲಿನದು." ತಂದೆಗೆ ಬೆನ್ನು ಹಾಕಿ ಜಗುಲಿಯ ತುದಿಯಲ್ಲಿ ನಿಂತು ಆಡಿದ ಒಂದು ಮಾತು, ಪಾಲಿನ ಲೆಕ್ಕ ಈ ತಿಂಗಳೇ ಮುಗಿಯಲಿ ಎಂದು ಮುದುಕರ ಕಿವಿಗೆ ಬಿದ್ದಿತ್ತು.

ಹೀಗೇಕೆ ಆಗುತ್ತದೆ? ನಮ್ಮ ಒಳಕಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತಿನಷ್ಟು ಸುರುಳಿ ಸುತ್ತಿದ ನಾಳವಿದೆ, ಅದೇ ಕಾಕ್ಲಿಯಾ. ಅದರ ಉದ್ದಕ್ಕೂ ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಹಾರ್ಮೋನಿಯಂನ ಮನೆಗಳ ಹಾಗೆ ಪ್ರತಿ ಜಾಗಕ್ಕೂ ಒಂದೊಂದು ಶ್ರುತಿ. ಸದ್ದು ಒಳಬರುವ ಬಾಗಿಲ ಬಳಿ ಇರುವ ಕೋಶಗಳು ತಾರ ಧ್ವನಿಗೆ, ಸುರುಳಿಯ ತುದಿಯಲ್ಲಿರುವವು ಮಂದ್ರಕ್ಕೆ. ಸದ್ದು ಈ ನಾಳದೊಳಗೆ ಅಲೆಯಾಗಿ ಸಾಗುವುದನ್ನು ತೋರಿಸಿಕೊಟ್ಟ ವಿಜ್ಞಾನಿ ಗೇಯೋರ್ಗ್ ಫಾನ್ ಬೆಕೆಶಿಯವರಿಗೆ 1961ರಲ್ಲಿ ನೊಬೆಲ್ ಬಂದಿತು. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಬಳಿಯ ಕೋಶಗಳು. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಇದನ್ನು ಕನ್ನಡದ ಅಕ್ಷರಮಾಲೆಗೆ ಹೊಂದಿಸಿ ನೋಡಿ. ಅ, ಆ, ಉ, ಓ ಮುಂತಾದ ಸ್ವರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಕಂಪನಾಂಕಗಳಲ್ಲಿ, ಅಂದರೆ ಮಂದ್ರ ಸದ್ದಿನಲ್ಲಿದೆ (ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದೇ ಕಂಪನಾಂಕ, ಅದರ ಅಳತೆ ಹರ್ಟ್ಜ್). ಸ, ಶ, ಚ, ತ, ಕ, ಪ, ಹ ಇವನ್ನು ಒಂದರಿಂದ ಇನ್ನೊಂದು ಬೇರೆ ಮಾಡಿ ತೋರಿಸುವ ಸುಳಿವುಗಳು ಬಹುಮಟ್ಟಿಗೆ 2,000 ಹರ್ಟ್ಜ್‌ನ ಆಸುಪಾಸಿನಲ್ಲಿ ಮತ್ತು ಅದಕ್ಕೂ ಮೇಲೆ ಇವೆ, ಮೇಲಾಗಿ ಅವು ಬಹಳ ಸಣ್ಣ ಸದ್ದುಗಳು. ಹೀಗಾಗಿ ಕಾಗುಣಿತದ ಸ್ವರ ಉಳಿಯುತ್ತದೆ, ವ್ಯಂಜನ ಉದುರುತ್ತದೆ. ಹಾಲು, ಕಾಲು, ಪಾಲು, ಸಾಲು ಎಲ್ಲವೂ ಕಿವಿಗೆ "ಆಲು" ಎಂದೇ ತಲುಪುತ್ತವೆ. ಉದುರಿಹೋದ ಮೊದಲ ಅಕ್ಷರವನ್ನು ತಲೆ ಊಹಿಸಿಕೊಳ್ಳಬೇಕು. ಹಿರಿಯರು "ಕೇಳಿಸುತ್ತದಮ್ಮಾ, ಆದರೆ ಏನು ಅಂತ ತಿಳಿಯುವುದಿಲ್ಲ" ಎನ್ನುವುದು ಅಕ್ಷರಶಃ ನಿಜ. ಅವರು ತಮ್ಮ ಕಾಯಿಲೆಯನ್ನು ಯಾವ ವೈದ್ಯ ಪುಸ್ತಕಕ್ಕಿಂತಲೂ ಚೆನ್ನಾಗಿ ವಿವರಿಸುತ್ತಿದ್ದಾರೆ.

ಇನ್ನು "ಜಾಣ" ಎಂಬ ಆರೋಪ. ರಾತ್ರಿ ಮನೆ ಶಾಂತವಾಗಿದ್ದಾಗ ಮಗ ಎದುರು ಕುಳಿತು ಆಡಿದ ಮಾತು ಅತ್ತೆಗೆ ಸರಿಯಾಗಿ ಕೇಳಿಸುತ್ತದೆ. ಬೆಳಿಗ್ಗೆ ಸೊಸೆ ಅಡುಗೆಮನೆಯಿಂದ ಕೂಗಿ ಹೇಳಿದ್ದು ಕೇಳಿಸುವುದಿಲ್ಲ. ಸೊಸೆಗೆ ಇದು ಪಕ್ಷಪಾತವಾಗಿ ಕಾಣುವುದು ಸಹಜ. ಆದರೆ ಲೆಕ್ಕ ಹಾಕಿ: ಮಗನ ಧ್ವನಿ ದಪ್ಪ, ಅದು ಸವೆಯದ ಕೋಶಗಳ ಪಾಲಿಗೆ ಬರುತ್ತದೆ. ಸೊಸೆಯದು, ಮೊಮ್ಮಗಳದು ತೆಳು ಧ್ವನಿ. ಮಗ ಎದುರಿಗಿದ್ದ, ತುಟಿ ಕಾಣುತ್ತಿತ್ತು. ಸೊಸೆ ಗೋಡೆಯ ಆಚೆ ಇದ್ದರು, ಜೊತೆಗೆ ಮಿಕ್ಸಿ ತಿರುಗುತ್ತಿತ್ತು. ನಮ್ಮ ಮನೆಯ ಮಿಕ್ಸಿಯ ಪಕ್ಕದಲ್ಲಿ ಸದ್ದಿನ ಜೋರು ಅಳೆಯುವ ಮಾಪಕ ಹಿಡಿದಾಗ 85 ಡೆಸಿಬಲ್ ದಾಟಿತು. ಮಾಮೂಲಿ ಮಾತು 60ರ ಸುತ್ತಮುತ್ತ. ಎಳೆಯ ಕಿವಿ ಗದ್ದಲದ ನಡುವಿನಿಂದ ಮಾತನ್ನು ಆರಿಸಿಕೊಳ್ಳಬಲ್ಲದು, ಹಣ್ಣಾದ ಕಿವಿಗೆ ಆ ಶಕ್ತಿ ಎಲ್ಲಕ್ಕಿಂತ ಮೊದಲು ಕುಂದುತ್ತದೆ.

ಮನೆಗಳೂ ಬದಲಾಗಿವೆ. ಈಗಿನ ಎಂಬತ್ತರ ಹಿರಿಯರಲ್ಲಿ ಹಲವರು ಬೆಳೆದದ್ದು ತೊಟ್ಟಿಮನೆಯಲ್ಲಿ, ಹೆಂಚಿನ ಮಾಡಿನ ಕೆಳಗೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸದ್ದು ಮೇಲೆ ಹೋಗಿ ಕರಗುತ್ತಿತ್ತು. ಈಗ ಅವರು ಇರುವುದು ನುಣುಪಾದ ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿಯ ಫ್ಲ್ಯಾಟಿನಲ್ಲಿ. ಹಾಲ್ ಮತ್ತು ಅಡುಗೆಮನೆಗೆ ನಡುವೆ ಗೋಡೆಯೇ ಇಲ್ಲ. ಆಡಿದ ಮಾತು ನಾಲ್ಕು ಕಡೆ ಬಡಿದು ತನ್ನ ಮೇಲೆ ತಾನೇ ಬಂದು ಬೀಳುತ್ತದೆ. ನಿಮಗೆ ಅದು ಗೊತ್ತಾಗುವುದಿಲ್ಲ. ಅವರಿಗೆ ಅದು ಎರಡು ಸಲ ಅಚ್ಚಾದ ಪುಟದಂತೆ.

ಇನ್ನೊಂದು ವಿಚಾರವನ್ನು ಕಿರಿಯರು ತಿಳಿಯಲೇಬೇಕು. ಅಜ್ಜ "ಏನು?" ಎನ್ನುತ್ತಾರೆ. ಮತ್ತೆ ಹೇಳುತ್ತೀರಿ. ಮತ್ತೆ "ಏನು?". ಮೂರನೆಯ ಸಲ ಗಟ್ಟಿಯಾಗಿ ಹೇಳಿದರೆ "ಯಾಕೆ ಹಾಗೆ ಕಿರುಚುತ್ತೀಯ, ನಾನೇನು ಕೆಪ್ಪನೇ?" ಎಂದು ರೇಗುತ್ತಾರೆ. ಇದು ಮುಂಗೋಪವಲ್ಲ. ಸವೆದ ಕಿವಿಯಲ್ಲಿ ಕೇಳಿಸದ ಮಟ್ಟಕ್ಕೂ ನೋಯಿಸುವ ಮಟ್ಟಕ್ಕೂ ನಡುವಿನ ಜಾಗ ಕಿರಿದಾಗಿಬಿಡುತ್ತದೆ. ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡ ಸದ್ದು ನಿಮಗೆ ಕೇಳಿಸುವಷ್ಟೇ ಜೋರಾಗಿ ಅವರಿಗೂ ಕೇಳಿಸುತ್ತದೆ. ಅಲ್ಲದೆ ನಾವು ಕೂಗಿದಾಗ ದೊಡ್ಡದಾಗುವುದು ಸ್ವರವೇ ಹೊರತು ವ್ಯಂಜನವಲ್ಲ. ಆದ್ದರಿಂದ ಕೂಗಿದರೆ ಅರ್ಥ ಹೆಚ್ಚು ತಿಳಿಯುವುದಿಲ್ಲ, ನೋವು ಮಾತ್ರ ಹೆಚ್ಚುತ್ತದೆ.

2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ನನ್ನಲ್ಲಿಗೆ ಬಂದ ಹಿರಿಯರು ಹೇಳಿದ್ದು ಒಂದೇ ಮಾತು, ಕಿವಿ ಇದ್ದಕ್ಕಿದ್ದಂತೆ ಮಂದವಾಯಿತು. ಕಿವಿ ಮಂದವಾದದ್ದು ಎಷ್ಟೋ ವರ್ಷಗಳ ಹಿಂದೆ. ಅಲ್ಲಿಯವರೆಗೆ ಅವರು ತುಟಿ ಓದುತ್ತಿದ್ದರು, ಅದು ಅವರಿಗೂ ಗೊತ್ತಿರಲಿಲ್ಲ. ಮಾಸ್ಕ್ ಹೋಯಿತು. ಆದರೆ ತುಟಿ ಮರಳಿ ಬರಲಿಲ್ಲ. ಈಗ ಮನೆಯಲ್ಲಿ ಮಾತಾಡುವಾಗ ಕಿರಿಯರ ಮುಖ ಮೊಬೈಲಿನ ಮೇಲೆ ಬಾಗಿರುತ್ತದೆ.

ಮೊಬೈಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. "ಅಪ್ಪ ಹೊಸದನ್ನು ಕಲಿಯಲು ಒಪ್ಪುವುದೇ ಇಲ್ಲ, ಬ್ಯಾಂಕಿನಿಂದ ಕರೆ ಬಂದರೂ ಫೋನನ್ನು ನನ್ನ ಕೈಗೆ ಕೊಡುತ್ತಾರೆ" ಎಂಬ ದೂರು ನಾನು ವಾರಕ್ಕೆರಡು ಸಲ ಕೇಳುತ್ತೇನೆ. ಹಳೆಯ ಬಗೆಯ ದೂರವಾಣಿ ಕರೆ 300ರಿಂದ 3,400 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತದೆ. 'ಸ'ಕಾರದ ಬಹುಪಾಲು ಅದರ ಆಚೆಗೇ ಉಳಿಯುತ್ತದೆ. ಎಳೆಯ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ಸವೆದ ಕಿವಿಗೆ ಮೊದಲೇ ಇಲ್ಲದ ಅಕ್ಷರವನ್ನು ಫೋನು ಇನ್ನೊಮ್ಮೆ ಕತ್ತರಿಸಿ ಕೊಡುತ್ತದೆ. ಅದರ ಮೇಲೆ, ಅವಸರದಲ್ಲಿ ಆರು ಅಂಕಿಯ ಒಟಿಪಿ ಓದುವ ಮುದ್ರಿತ ಧ್ವನಿ. ಏಳೋ ಎಂಟೋ ಎಂದು ಯೋಚಿಸುವಷ್ಟರಲ್ಲಿ ಮುಂದಿನ ಮೂರು ಅಂಕಿ ಹೋಗಿರುತ್ತವೆ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನಗೆ ಹೇಳಿದರು: "ತಪ್ಪು ಹೇಳಿ ಹುಡುಗರ ಎದುರು ದಡ್ಡನಾಗುವುದಕ್ಕಿಂತ ಕೊಟ್ಟುಬಿಡುವುದೇ ಮೇಲು." ನಲವತ್ತು ವರ್ಷ ಗಣಿತ ಕಲಿಸಿದವರು ಅವರು. ಅದೇ ಮೇಷ್ಟ್ರಿಗೆ ಅದೇ ಒಟಿಪಿ ಸಂದೇಶವಾಗಿ ಬಂದರೆ ಯಾರ ಸಹಾಯವೂ ಬೇಡ. ವಿಡಿಯೊ ಕರೆಯಲ್ಲಿ, ಮುಖಕ್ಕೆ ಬೆಳಕು ಬೀಳುವಂತೆ ಕುಳಿತು ಮಾತಾಡಿದರೆ ಅವರ ಮಗಳ ಮಾತೂ ತಿಳಿಯುತ್ತದೆ.

ಹಾಗೆಂದು ಎಳೆಯ ಕಿವಿಗಳ ಬಗ್ಗೆ ನಾನು ನಿಶ್ಚಿಂತೆಯಿಂದಿಲ್ಲ. ಅವುಗಳ ಸೂಕ್ಷ್ಮತೆ ದೊಡ್ಡದು. ಬ್ರಿಟನ್ನಿನಲ್ಲಿ 2005ರಲ್ಲಿ, ಅಂಗಡಿಗಳ ಮುಂದೆ ಗುಂಪುಗೂಡುವ ಹುಡುಗರನ್ನು ಚದುರಿಸಲು 17,400 ಹರ್ಟ್ಜ್‌ ಆಸುಪಾಸಿನ ಕೀಚಲು ಸದ್ದಿನ ಯಂತ್ರವೊಂದು ಬಂದಿತು. ಅದು ಹುಡುಗರನ್ನು ಕಾಡುತ್ತಿತ್ತು, ಹಿರಿಯರಲ್ಲಿ ಹೆಚ್ಚಿನವರಿಗೆ ಕೇಳಿಸುತ್ತಲೇ ಇರಲಿಲ್ಲ. ಸ್ವಲ್ಪ ಸಮಯದಲ್ಲೇ ಶಾಲಾ ಮಕ್ಕಳು ಅದನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡರು. ಇಂಥ ಕಿವಿಯನ್ನು ಹೊತ್ತ ಇಪ್ಪತ್ತೆರಡರ ತರುಣರು ಈಗ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ನನ್ನಲ್ಲಿಗೆ ಬರುತ್ತಿದ್ದಾರೆ. ಯಾವ ಕಂಪನಾಂಕ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ಅವರ ಶ್ರವಣ ನಕ್ಷೆಯಲ್ಲಿ 4,000 ಹರ್ಟ್ಜ್‌ ಬಳಿ ಒಂದು ಗುಂಡಿ ಕಾಣುತ್ತದೆ. ಅದು ಜೋರು ಸದ್ದಿನ ಸಹಿ. ಹಿಂದೆ ಕಾರ್ಖಾನೆಯ ಕಾರ್ಮಿಕರಲ್ಲಿ ಅದನ್ನು ನೋಡುತ್ತಿದ್ದೆವು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ. 100ಕ್ಕೆ ಸುಮಾರು 20 ನಿಮಿಷ, ಅದೂ ಇಡೀ ವಾರಕ್ಕೆ. ಮೆರವಣಿಗೆಯ ಡಿಜೆ ಪೆಟ್ಟಿಗೆಯ ಮುಂದೆ ಕುಣಿಯುವವರು ಆ ವಾರದ ಪಾಲನ್ನು ಮೊದಲ ಎರಡು ಹಾಡುಗಳಲ್ಲೇ ಮುಗಿಸಿರುತ್ತಾರೆ ಎನ್ನಬಹುದು.

ಕನ್ನಡದಲ್ಲಿ ಒಂದು ಒಳ್ಳೆಯ ಪದವಿದೆ, ಚಾಳೀಸು. ನಲವತ್ತಕ್ಕೆ ಕಣ್ಣು ಮಂಜಾದರೆ "ಚಾಳೀಸು ಬಂತು" ಎಂದು ಹೇಳಿಕೊಂಡು ಎಲ್ಲರೂ ಕನ್ನಡಕ ಹಾಕಿಕೊಳ್ಳುತ್ತೇವೆ. ಅದರಲ್ಲಿ ನಾಚಿಕೆಯಿಲ್ಲ. ಕಿವಿಗೆ ಅಂಥ ಸೌಮ್ಯವಾದ ಪದವನ್ನು ನಾವು ಮಾಡಿಕೊಳ್ಳಲೇ ಇಲ್ಲ. ಇರುವುದು ಕಿವುಡು, ಕೆಪ್ಪ, ಮಂದ. ಬೈಗುಳದಂತೆ ಕೇಳಿಸುವ ಪದವನ್ನು ಮೈಮೇಲೆ ಹಾಕಿಕೊಳ್ಳಲು ಯಾರು ಮುಂದೆ ಬರುತ್ತಾರೆ? ಆದ್ದರಿಂದಲೇ ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತೊಂದರೆ ಶುರುವಾಗಿ ಐದಾರು ವರ್ಷ ಕಳೆದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಮದುವೆ ಮನೆಗೆ ಹೋಗುವುದು, ಹರಟೆಕಟ್ಟೆಗೆ ಹೋಗುವುದು, ಊಟದ ಹೊತ್ತಿನಲ್ಲಿ ಮಾತಾಡುವುದು ಒಂದೊಂದಾಗಿ ನಿಂತುಹೋಗಿರುತ್ತದೆ. ಶ್ರವಣ ದೋಷವನ್ನು ಹಾಗೇ ಬಿಟ್ಟವರಲ್ಲಿ ಮರೆವಿನ ಕಾಯಿಲೆಯ ಅಪಾಯ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಆದರೆ ನನ್ನ ಕಳಕಳಿಗೆ ಅಷ್ಟು ದೂರದ ಕಾರಣ ಬೇಕಿಲ್ಲ. ಊಟದ ಹೊತ್ತಿನ ಮಾತು ನಿಂತದ್ದೇ ಸಾಕು.

ಏನು ಮಾಡಬೇಕೆಂದರೆ, ಮೊದಲು ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ. ಬಿಸಿ ಎಣ್ಣೆ ಹಾಕಬೇಡಿ. ಒಂದೆರಡು ದಿನದಲ್ಲಿ ಒಂದು ಕಿವಿ ಏಕಾಏಕಿ ಕೇಳದಂತಾದರೆ ಅದೇ ದಿನ ಹೋಗಿ, ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ. ಶ್ರವಣ ಸಾಧನದ ಬೆಲೆ ಒಂದು ಕಿವಿಗೆ ಹದಿನೈದು ಇಪ್ಪತ್ತು ಸಾವಿರದಿಂದ ಹಿಡಿದು ಲಕ್ಷ ದಾಟುತ್ತದೆ. ಹಣ ಇಲ್ಲದವರಿಗೆ ದಾರಿಗಳಿವೆ. 1965ರಿಂದ ನಡೆಯುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಸಾಧನವೂ ಸಿಗುತ್ತವೆ. ಕಡಿಮೆ ಆದಾಯದ ಅರವತ್ತು ದಾಟಿದವರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ಪರೀಕ್ಷೆಯಿಲ್ಲದೆ ಆನ್‌ಲೈನ್‌ನಲ್ಲಿ ತರಿಸುವ ಅಗ್ಗದ ಧ್ವನಿವರ್ಧಕ ಮಾತ್ರ ಬೇಡ. ಅದು ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸುತ್ತದೆ, ಬೇಕಾದದ್ದು ಕಳೆದುಹೋದ ವ್ಯಂಜನ ಮಾತ್ರ.

ಸಾಧನ ಹಾಕಿದ ಮೊದಲ ತಿಂಗಳು ಕಷ್ಟ. ಪಾತ್ರೆಯ ಸದ್ದು, ಫ್ಯಾನು, ಒಗ್ಗರಣೆಯ ಸಾಸಿವೆ ಎಲ್ಲವೂ ಮೈಮೇಲೆ ಬಿದ್ದಂತೆ ಕೇಳಿಸುತ್ತವೆ. ವರ್ಷಗಟ್ಟಲೆ ಈ ಸದ್ದುಗಳಿಲ್ಲದೆ ಇದ್ದ ಮಿದುಳು ಅವುಗಳಿಗೆ ಮತ್ತೆ ಒಗ್ಗಬೇಕು. ದಿನಕ್ಕೆ ಎರಡು ಗಂಟೆ, ಶಾಂತವಾದ ಕೋಣೆಯಲ್ಲಿ, ಒಬ್ಬರೇ ಒಬ್ಬರ ಜೊತೆ ಮಾತಾಡುತ್ತಾ ಶುರುಮಾಡಿ. ಈ ಒಬ್ಬರು ಮನೆಯ ಕಿರಿಯರಾಗಿರಲಿ ಎಂದು ನಾನು ಕೇಳಿಕೊಳ್ಳುತ್ತೇನೆ. ಹೆಸರು ಹಿಡಿದು ಕರೆದು, ಅವರು ತಿರುಗಿದ ಮೇಲೆ ಮಾತು ಆರಂಭಿಸಿ. ಕನ್ನಡದಲ್ಲಿ ಬರುತ್ತಾರೋ ಬರುವುದಿಲ್ಲವೋ ಎಂಬುದು ತಿಳಿಯುವುದು ವಾಕ್ಯದ ಕೊನೆಯಲ್ಲಿ, ನಮ್ಮ ಧ್ವನಿ ಇಳಿಯುವುದೂ ಅಲ್ಲೇ. ಆ ಕೊನೆಯ ಪದವನ್ನು ನುಂಗಬೇಡಿ. ತಿಳಿಯದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ.

ಮೊದಲು ಹೇಳಿದ ಸೊಸೆಗೆ ನಾನು ಇಷ್ಟೆಲ್ಲ ಉಪದೇಶ ಮಾಡಲಿಲ್ಲ. ಅತ್ತೆಯ ನಕ್ಷೆಗೆ ಹೊಂದುವಂತೆ ಮೇಲಿನ ಕಂಪನಾಂಕಗಳನ್ನು ತಗ್ಗಿಸಿ, ಹಿನ್ನೆಲೆಗೆ ಮಿಕ್ಸಿಯ ಸದ್ದು ಸೇರಿಸಿದ ಪದಗಳ ಮುದ್ರಿಕೆಯೊಂದು ನನ್ನ ಕಂಪ್ಯೂಟರಿನಲ್ಲಿದೆ. ಹೆಡ್‌ಫೋನ್ ಹಾಕಿ, ಕೈಗೆ ಕಾಗದ, ಪೆನ್ನು ಕೊಟ್ಟು, ಕೇಳಿಸಿದ್ದನ್ನು ಬರೆಯಿರಿ ಎಂದೆ. ನಾಲ್ಕು ಪದ ಬರೆದರು. ಎರಡನ್ನು ಹೊಡೆದುಹಾಕಿದರು. ಹುಬ್ಬು ಗಂಟಿಕ್ಕಿ, ಕಣ್ಣು ಮುಚ್ಚಿ, ಇನ್ನೊಂದು ಪದಕ್ಕೆ ಕಾದರು. ಆಮೇಲೆ ಹೆಡ್‌ಫೋನನ್ನು ಅರ್ಧ ಸರಿಸಿ ಹೇಳಿದರು:

"ಮೇಡಂ, ಆ ಮಿಕ್ಸಿ ಸದ್ದನ್ನು ಮೊದಲು ನಿಲ್ಲಿಸಿ. ಆಮೇಲೆ ಇನ್ನೊಂದು ಸಲ ಹೇಳಿ."