ಬಾಡಿಬಿಲ್ಡಿಂಗ್‌ನಲ್ಲಿ ‘ಸ್ಕೋರ್’: ಕಡಿಮೆ ಇದ್ದವರೇ ಗೆದ್ದವರು

ಬಾಡಿಬಿಲ್ಡಿಂಗ್‌ನ ದೊಡ್ಡ ಸ್ಪರ್ಧೆ ಮಿಸ್ಟರ್ ಒಲಿಂಪಿಯಾ ಫಲಿತಾಂಶ ಬಂದಾಗಲೆಲ್ಲ ತುಮಕೂರಿನ ಜಿಮ್ ಹುಡುಗರಲ್ಲಿ ಅದೇ ತಕರಾರು. ಸ್ಕೋರ್ ಶೀಟಿನ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ‘ಗೆದ್ದವನಿಗಿಂತ ಮೂರನೆಯವನಿಗೇ ಜಾಸ್ತಿ ಮಾರ್ಕ್ಸ್ ಬಂದಿದೆ, ಮೋಸ’ ಅಂತ ಯಾರೋ ಬರೆದಿರುತ್ತಾರೆ. ಮೋಸ ಏನೂ ಇಲ್ಲ. ಅದು ಮಾರ್ಕ್ಸೇ ಅಲ್ಲ.

ಇಂಗ್ಲಿಷಿನಲ್ಲಿ ‘ಸ್ಕೋರ್’ ಅಂದರೆ ಮೂಲದಲ್ಲಿ ಗೀಟು. ಎಣಿಕೆ ತಪ್ಪದಿರಲಿ ಅಂತ ಕೋಲಿನ ಮೇಲೆ ಕೆತ್ತುತ್ತಿದ್ದ ಗುರುತು. ಹೊಗಳಿಕೆ ಅದರಲ್ಲಿಲ್ಲ, ಬರೀ ಲೆಕ್ಕ. ಕ್ರಿಕೆಟ್‌ನಲ್ಲಿ ಎಣಿಸುವುದು ರನ್, ಇಲ್ಲಿ ಎಣಿಸುವುದು ಸ್ಥಾನ. ತೀರ್ಪುಗಾರರು ಬೈಸೆಪ್ಸಿಗಿಷ್ಟು, ಬೆನ್ನಿಗಿಷ್ಟು ಅಂತ ಅಂಕ ಹಾಕುವುದಿಲ್ಲ. ಪೂರ್ತಿ ದೇಹ ನೋಡಿ, ಪಕ್ಕದವರ ಜೊತೆ ಹೋಲಿಸಿ, ಇವನು 1, ಅವನು 2 ಅಂತ ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ರ್‍ಯಾಂಕ್ ಇದ್ದ ಹಾಗೆ. ಒಂದನೇ ರ್‍ಯಾಂಕ್ ಬಂದರೆ ‘ಒಂದೇ ಒಂದಾ?’ ಅಂತ ಯಾರಾದರೂ ಅಳುತ್ತಾರಾ?

ಏಳು ಜನ ತೀರ್ಪುಗಾರರು ಇದ್ದಾರೆ ಅಂದುಕೊಳ್ಳಿ. ಒಬ್ಬ ಸ್ಪರ್ಧಿಗೆ 1, 1, 2, 1, 3, 1, 2 ಬಿತ್ತು. ಅತಿ ಒಳ್ಳೆಯದು ಒಂದು, ಅತಿ ಕೆಟ್ಟದ್ದು ಒಂದು ತೆಗೆಯುತ್ತಾರೆ. ಇಲ್ಲಿ ಒಂದು 1 ಹೋಯಿತು, 3 ಹೋಯಿತು. ಉಳಿದದ್ದು ಕೂಡಿದರೆ 7. ಎದುರಾಳಿಗೆ 2, 2, 1, 2, 1, 2, 1. ಅದೇ ರೀತಿ ಎರಡು ತೆಗೆದರೆ 8. ಏಳರವನೇ ಗೆದ್ದ. ಪ್ರೀಜಡ್ಜಿಂಗ್ ಅನ್ನುವ ಮೊದಲ ಸುತ್ತು, ಆಮೇಲಿನ ಫೈನಲ್ ಎರಡರಲ್ಲೂ ಎಲ್ಲರೂ ಮೊದಲ ಸ್ಥಾನವನ್ನೇ ಕೊಟ್ಟರೆ ಸುತ್ತಿಗೆ 5ರಂತೆ ಒಟ್ಟು 10, ಅದಕ್ಕಿಂತ ಕೆಳಗೆ ಹೋಗಲು ಸಾಧ್ಯವೇ ಇಲ್ಲ. ಯಾರೋ ಒಬ್ಬ ತೀರ್ಪುಗಾರ ತನ್ನವನನ್ನು ಮೇಲೆತ್ತಿದರೂ, ಆಗದವನನ್ನು ತುಳಿದರೂ ಆ ತುದಿಯ ಗೀಟು ಲೆಕ್ಕದಿಂದ ಬಿದ್ದುಹೋಗುತ್ತದೆ. ತುಂಬಾ ಒಳ್ಳೆ ಏರ್ಪಾಟು ಅದು. ಮೋಸ ಅನ್ನುವವರು ಇದನ್ನು ನೋಡುವುದೇ ಇಲ್ಲ.

‘ಅತಿ ಹೆಚ್ಚು ಅಂಕ ಗಳಿಸಿ ಪ್ರಶಸ್ತಿ ಗೆದ್ದರು’ ಅಂತ ಸುದ್ದಿ ಬರೆಯುವವರು ದಯವಿಟ್ಟು ನಿಲ್ಲಿಸಬೇಕು. ಈ ಲೆಕ್ಕದಲ್ಲಿ ಅತಿ ಹೆಚ್ಚು ಅಂಕ ಬಂದವರು ಕೊನೆಯಲ್ಲಿರುತ್ತಾರೆ!

ಒಂದು ವರ್ಷದ ಸ್ಕೋರನ್ನು ಇನ್ನೊಂದು ವರ್ಷದ್ದಕ್ಕೆ ತಾಳೆ ಹಾಕುವುದೂ ಸುಮ್ನೆ ವ್ಯರ್ಥ. ಡೆರೆಕ್ ಲನ್ಸ್‌ಫೋರ್ಡ್ 2023ರಲ್ಲಿ ಮಿಸ್ಟರ್ ಒಲಿಂಪಿಯಾ ಗೆದ್ದರು, 2024ರಲ್ಲಿ ಸ್ಯಾಮ್ಸನ್ ಡೌಡಾ ಗೆದ್ದಾಗ ಮೂರಕ್ಕೆ ಇಳಿದರು, 2025ರಲ್ಲಿ ಮತ್ತೆ ಮೊದಲು. ಮಸಲ್ ಎಷ್ಟು ಬೆಳೆಯಿತು, ಎಷ್ಟು ಕರಗಿತು ಅಂತ ಆ ಅಂಕಿಗಳು ಹೇಳುವುದಿಲ್ಲ. ಆವತ್ತು ಸ್ಟೇಜಿನ ಮೇಲೆ ಪಕ್ಕದಲ್ಲಿ ಯಾರಿದ್ದರು, ಅವರಲ್ಲಿ ಇವರು ಎಷ್ಟನೆಯವರು ಅನ್ನುವುದನ್ನಷ್ಟೇ ಹೇಳುತ್ತವೆ.