ಕಿಟಕಿಯಲ್ಲಿ ಒಂದು ಮಳೆಗಾಲ

ಕೈಯಗಲದ ತುಂಡು ನೋಡಿ ಮನೆಗೆ ಪರದೆ ಬಟ್ಟೆ ಆರಿಸಬೇಡಿ ಎಂದು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ. ಕೊಡಗಿನಲ್ಲಂತೂ ಖಂಡಿತ ಬೇಡ.

ಕೆಲವು ವರ್ಷಗಳ ಹಿಂದೆ ನಾಪೋಕ್ಲು ಕಡೆಯ ಹೋಂಸ್ಟೇ ಒಂದಕ್ಕೆ ಕೈಮಗ್ಗದ ಹತ್ತಿ ಪರದೆ ಮಾಡಿಕೊಟ್ಟಿದ್ದೆ. ಮಾರ್ಚ್ ಬಿಸಿಲಿನಲ್ಲಿ ಮಾದರಿ ತುಂಡನ್ನು ಜಗಲಿಯ ಮೇಲೆ ಹರಡಿದಾಗ ಮನೆಯೊಡತಿ ಬೆರಳಿನಿಂದ ತಿಕ್ಕಿ ನೋಡಿ, ‘ಬಟ್ಟೆ ಗಟ್ಟಿಯಾಗಿದೆ’ ಎಂದು ಮೆಚ್ಚಿದರು. ಆ ಬಿರುಸು ನೂಲಿನದಲ್ಲ, ಗಂಜಿಯದು. ಜುಲೈ ಮುಗಿಯುವ ಹೊತ್ತಿಗೆ ಪರದೆಯ ಕೆಳ ಅಂಚಿನಲ್ಲಿ ಕಪ್ಪು ಚುಕ್ಕೆಗಳೆದ್ದವು. ಹಾಸಿನ, ಅಂದರೆ ಉದ್ದುದ್ದದ, ಎಳೆಗಳು ಮಗ್ಗದಲ್ಲಿ ತುಂಡಾಗದಿರಲೆಂದು ಹಾಕುವ ಗಂಜಿ ಬೂಷ್ಟಿಗೆ ಒಳ್ಳೆಯ ಆಹಾರ. ಅದನ್ನು ಪೂರ್ತಿ ತೊಳೆಸದೆ ಹೊಲಿಸಿದ್ದು ನನ್ನ ತಪ್ಪು.

ಹಾಗಾದರೆ ಹತ್ತಿಯೇ ಬೇಡವೇ? ಹತ್ತಿ ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಶೇ 7–8ರಷ್ಟು ತೇವ ಹಿಡಿದಿರುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ 0.4ರಷ್ಟು ಮಾತ್ರ. ಆದರೂ ಕೊಡವ ಮನೆತನದ ಮೂಲಮನೆಯಾದ ಐನ್‌ಮನೆಯ ಮರದ ಕಂಬಗಳ ಪಕ್ಕದಲ್ಲಿ ಪಾಲಿಯೆಸ್ಟರ್‌ನ ಹೊಳಪು ನನ್ನ ಕಣ್ಣಿಗೆ ಒಗ್ಗುವುದಿಲ್ಲ. ಹಾಸಿನಲ್ಲಿ ಹತ್ತಿ, ಅಡ್ಡ ಎಳೆಯಾದ ಹೊಕ್ಕಿನಲ್ಲಿ ಬೆರಕೆ ನೂಲು ಕೊಟ್ಟು, ಗಾಳಿಯಾಡುವಷ್ಟು ಸಡಿಲವಾಗಿ ನೇಯಿಸುತ್ತೇನೆ. ಲೈನಿಂಗ್ ಬೇರೆಯಾಗಿ ಬಿಚ್ಚಿ ಒಗೆಯುವಂತಿರಬೇಕು.

ಈಗ ಒಂದು ಮೀಟರ್‌ಗಿಂತ ಚಿಕ್ಕ ಮಾದರಿ ಮಾಡಿಸುವುದಿಲ್ಲ. ಮೂರು ಸಲ ಒಗೆದು ಎಷ್ಟು ಕುಗ್ಗಿತೆಂದು ಅಳೆದ ಮೇಲೆ, ಅದು ಹೋಗಬೇಕಾದ ಕಿಟಕಿಯಲ್ಲೇ ತೂಗುಬಿಡುತ್ತೇನೆ. ಸಾಧ್ಯವಾದರೆ ಇಡೀ ಮಳೆಗಾಲ. ಒಬ್ಬರು ಕೊಡವ ಗಂಡಸರ ಉಡುಪಾದ ಕುಪ್ಯದ ಮೇಲೆ ಸೊಂಟಕ್ಕೆ ಕಟ್ಟುವ ಪಟ್ಟಿ, ಚೇಲೆಯ ಕೆಂಪೇ ಬೇಕೆಂದರು. ಅಂಗಡಿಯ ದೀಪದಲ್ಲಿ ಉರಿಯುತ್ತಿದ್ದ ಬಣ್ಣ, ಮಂಜು ಕವಿದ ಕಾಫಿ ತೋಟದ ಕಿಟಕಿಯಲ್ಲಿ ಕಂದಾಗಿ ಕುಳಿತಿತು. ಕಿತ್ತಳೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತ ನೂಲಿನ ಲಡಿಗಳಿಗೆ ಮೂರು ಬಾರಿ ಬಣ್ಣ ಹಾಕಿಸಿದ ಮೇಲೆ, ಮಳೆಯ ಮಧ್ಯಾಹ್ನದಲ್ಲೂ ಕೆಂಪಾಗಿ ಕಾಣುವ ಕೆಂಪು ಸಿಕ್ಕಿತು.

ಚಿಕ್ಕ ತುಂಡಿನಲ್ಲಿ ಕಾಣದ ಇನ್ನೊಂದು ಸಂಗತಿ, ವಿನ್ಯಾಸ ಮರುಕಳಿಸುವ ಅಂತರ. ಮಡಿಕೆ ಸೇರಿ 235 ಸೆಂ.ಮೀ. ಉದ್ದದ ಪರದೆ ಬೇಕೆನ್ನಿ. ಹೂವು 64 ಸೆಂ.ಮೀ.ಗೊಮ್ಮೆ ಬಂದರೆ, ಎಲ್ಲ ಪರದೆಗಳಲ್ಲೂ ಹೂವುಗಳು ಸಾಲಾಗಿ ಕೂರಲು ಪ್ರತಿಯೊಂದಕ್ಕೂ 256 ಸೆಂ.ಮೀ. ಕತ್ತರಿಸಬೇಕು, 21 ಸೆಂ.ಮೀ. ಚೂರಾಗಿ ಹೋಗುತ್ತದೆ. ಅದೇ ಹೂವನ್ನು 80ಕ್ಕೆ ಹಿಗ್ಗಿಸಿದರೆ 240 ಸಾಕು. ಹನ್ನೆರಡು ಪರದೆಗಳಿಗೆ ಸುಮಾರು ಎರಡು ಮೀಟರ್ ಕೈಮಗ್ಗದ ಬಟ್ಟೆ ಉಳಿಯುತ್ತದೆ. ಅದಕ್ಕೇ ನೇಕಾರರು ಹಾಸು ಹೂಡುವ ಮೊದಲೇ ಟೇಪು ಹಿಡಿದು ಆ ಮನೆಗೆ ಹೋಗಿ ಬರುತ್ತೇನೆ.