ಸೊರಗುವ ಬೆಕ್ಕು, ಕಾರುವ ಬೆಕ್ಕು

ಬೆಕ್ಕೆಂದ ಮೇಲೆ ಕಾರುವುದು ಇದ್ದದ್ದೇ ಎಂದು ಸುಮ್ಮನಿರುವವರು ಬಹಳ. ಅಪರೂಪಕ್ಕೊಮ್ಮೆ ಕೂದಲುಂಡೆ ಹೊರಬಿದ್ದರೆ ಹೆದರಬೇಕಿಲ್ಲ. ಆದರೆ ವಾರ ವಾರವೂ ಕಾರಿ, ಸವರಿದರೆ ಬೆನ್ನುಮೂಳೆ ಕೈಗೆ ತಾಗುವಂತಾದರೆ ಒಳಗೆ ಕಾಯಿಲೆಯಿದೆ ಎಂದೇ ತಿಳಿಯಬೇಕು.

ರೋಮದ ಕೆಳಗೆ ಕರಗುವ ಮೈ ಕಣ್ಣಿಗೆ ಬೇಗ ಕಾಣುವುದಿಲ್ಲ. ಕಾಳುಮೆಣಸು ತೂಗುವ ಡಿಜಿಟಲ್ ತಕ್ಕಡಿ ಮನೆಯಲ್ಲಿದ್ದರೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ತೂಗಿ, ಬುಟ್ಟಿಯ ತೂಕ ಕಳೆಯಿರಿ. ವಾರಕ್ಕೊಮ್ಮೆ ಬರೆದಿಡಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿಯಿತೆಂದರೆ 60 ಕಿಲೋ ಮನುಷ್ಯ 6 ಕಿಲೋ ಇಳಿದ ಹಾಗೆ.

ಮುಂದಿನ ಪ್ರಶ್ನೆ: ತಿನ್ನುತ್ತಿದೆಯೋ, ಇಲ್ಲವೋ? 10 ವರ್ಷ ದಾಟಿದ ಬೆಕ್ಕು ಬಕಬಕನೆ ತಿಂದೂ ಸೊರಗಿದರೆ ಥೈರಾಯ್ಡ್ ಗ್ರಂಥಿಯ ಮೇಲೆ ಸಂಶಯ. ರಕ್ತದಲ್ಲಿ ಆ ಗ್ರಂಥಿಯ ಹಾರ್ಮೋನನ್ನು ಅಳೆಯುವ ಟಿ4 ಪರೀಕ್ಷೆ ಮಾಡಿಸಬೇಕು. ಹಸಿವಿನ ಜೊತೆ ಬಾಯಾರಿಕೆ, ಮೂತ್ರ ಎರಡೂ ಹೆಚ್ಚಿದರೆ ಸಕ್ಕರೆ ಕಾಯಿಲೆ ಇರಬಹುದು. ಆಸ್ಪತ್ರೆಗೆ ತಂದ ಗಾಬರಿಗೇ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಏರುವುದರಿಂದ ಒಂದೇ ಅಳತೆ ನಂಬಿ ಇನ್ಸುಲಿನ್ ಶುರುಮಾಡುವುದು ಸರಿಯಲ್ಲ. ನೀರು ಹೆಚ್ಚು ಕುಡಿದು ಊಟ ಬಿಡುತ್ತಿದ್ದರೆ ಮೂತ್ರಪಿಂಡ ನೋಡಿಸಿ. ಅದರ ಸುಮಾರು ಮುಕ್ಕಾಲು ಪಾಲು ಕೆಟ್ಟ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಏರುತ್ತದೆ. ಮೂತ್ರ ತೆಳುವಾಗುವುದು ಅದಕ್ಕೂ ಮೊದಲು. ಹಾಗಾಗಿ ರಕ್ತದ ಜೊತೆ ಮೂತ್ರವನ್ನೂ ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದರೆ ಕರುಳಿನ ದೀರ್ಘಕಾಲದ ಉರಿಯೂತ ಅಥವಾ ಕ್ಯಾನ್ಸರ್ ಉಳಿಯುತ್ತದೆ. ಇವೆರಡನ್ನು ಬೇರ್ಪಡಿಸಲು ಸಾಮಾನ್ಯವಾಗಿ ಕರುಳಿನ ಚೂರನ್ನೇ ತೆಗೆದು ನೋಡಬೇಕಾಗುತ್ತದೆ.

ಕಾಸರಗೋಡಿನಂಥ ಬಿಸಿ, ತೇವದ ಊರಿನಲ್ಲಿ ಹಲ್ಲಿಯನ್ನು ಮರೆಯಬಾರದು. ಪ್ಲಾಟಿನೊಸೋಮಮ್ ಎಂಬ ಚಪ್ಪಟೆ ಹುಳ ಬೆಕ್ಕಿನ ಪಿತ್ತಕೋಶದಲ್ಲೂ ಪಿತ್ತನಾಳಗಳಲ್ಲೂ ಬದುಕುತ್ತದೆ. ಮಲದಲ್ಲಿ ಹೊರಬಂದ ಅದರ ಮೊಟ್ಟೆಯನ್ನು ಬಸವನಹುಳು ತಿನ್ನುತ್ತದೆ; ಅಲ್ಲಿಂದ ಮರಿಹುಳ ತರಗೆಲೆಯಡಿಯ ಪುಟ್ಟ ಕ್ರಿಮಿಗಳಿಗೆ, ಅವುಗಳಿಂದ ಹಲ್ಲಿಗೆ, ಹಲ್ಲಿ ಹಿಡಿದು ತಿಂದ ಬೆಕ್ಕಿಗೆ. ನಾಲ್ಕಾರು ಹುಳವಿದ್ದರೆ ಏನೂ ತಿಳಿಯದು. ಹೆಚ್ಚಾದಾಗ ವಾಂತಿ, ಸೊರಗು, ಕೊನೆಗೆ ಕಾಮಾಲೆ: ಒಸಡು, ಕಿವಿಯ ಒಳಬದಿ ಹಳದಿಯಾಗುತ್ತದೆ. ಪಿತ್ತನಾಳ ಪೂರ್ತಿ ಕಟ್ಟಿಕೊಂಡರೆ ಮಲದಲ್ಲಿ ಮೊಟ್ಟೆ ಸಿಗುವುದೇ ಇಲ್ಲ, ಆಗ ಸ್ಕ್ಯಾನಿಂಗ್ ಬೇಕು. ಲಾಡಿಹುಳಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಮಾತ್ರೆಯೇ ಇದಕ್ಕೂ ಔಷಧ, ಆದರೆ ಆ ಪ್ರಮಾಣ ಸಾಲದು. ಹೆಚ್ಚಿನ ಪ್ರಮಾಣದಲ್ಲಿ ಕೆಲವು ದಿನ ಕೊಡಬೇಕಾಗುತ್ತದೆ. ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ಹಲ್ಲಿ ಹಿಡಿಯುವ ಅಭ್ಯಾಸವಿದ್ದರೆ ಅವರಿಗೆ ತಿಳಿಸಿ. ಕೇಳದಿದ್ದರೂ ಹೇಳಿ.

ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಕಾರತೊಡಗಿದರೆ ನಾಲಿಗೆಯಡಿ ನೋಡಿ. ಹೂ ಕಟ್ಟಿದ ನೂಲೋ ಗಾಳದ ದಾರವೋ ಅಲ್ಲಿ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿಗೆ ಇಳಿದಿರಬಹುದು. ಬಾಯಲ್ಲಾಗಲಿ ಹಿಂಬದಿಯಲ್ಲಾಗಲಿ ಕಂಡ ನೂಲನ್ನು ಎಳೆಯಲೇಬೇಡಿ, ಕರುಳು ಸೀಳುತ್ತದೆ.

ಎರಡು ದಿನ ಉಪವಾಸವಿದ್ದ ಬೆಕ್ಕನ್ನು ಮೂರನೆಯ ದಿನಕ್ಕೆ ಕಾಯಿಸಬಾರದು. ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಅದೇ ಇನ್ನೊಂದು ಕಾಯಿಲೆಯಾಗುತ್ತದೆ. ದಪ್ಪ ಬೆಕ್ಕುಗಳಿಗೆ ಅಪಾಯ ಹೆಚ್ಚು. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಅರ್ಧ ಮಾತ್ರೆಯೂ ಕೊಲ್ಲಬಲ್ಲದು.

ಪಶು ಆಸ್ಪತ್ರೆಗೆ ಹೊರಡುವಾಗ ತೂಕ ಬರೆದ ಚೀಟಿ, ಆ ದಿನದ ಮಲ, ಕಾರುವಾಗ ಮೊಬೈಲಿನಲ್ಲಿ ಹಿಡಿದ ವೀಡಿಯೊ ಒಯ್ಯಿರಿ. ಕೆಮ್ಮನ್ನೇ ವಾಂತಿಯೆಂದು ತಿಳಿಯುವುದುಂಟು. ವೀಡಿಯೊ ನೋಡಿದರೆ ವೈದ್ಯರಿಗೆ ವ್ಯತ್ಯಾಸ ಗೊತ್ತಾಗುತ್ತದೆ.